ಬಿಸಿಗಾಳಿ ನಿಲ್ಲಿಸಿದ ಕೈ

ಮಗಳಿಗೆ ಒಂದು ಜಡೆ ಹೆಣೆದಾಗಿತ್ತು. ಎರಡನೆಯದಕ್ಕೆ ಮೂರು ಎಳೆ ಬಿಡಿಸಿಕೊಂಡಿದ್ದೆನಷ್ಟೇ. ಅಂಗಳದಿಂದ ಮೈದುನನ ಕೂಗು ಕೇಳಿತು.

“ಅತ್ತಿಗೆ! ಬೇಗ ಬನ್ನಿ! ಯಾರು ಮಾಡಿದ್ದು ಈ ಕೆಲಸ?”

ಬಾಚಣಿಗೆ ಕೈಯಲ್ಲೇ ಇತ್ತು. ಓಡಿದೆ.

ಕಾರಿನ ಎಂಜಿನ್ ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಶಾಲು ಹೊದ್ದು ಕುಳಿತಿದ್ದರು. ಅವರಿಗೆ ಉಬ್ಬಸ. ಪ್ರತಿ ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮುಂದಿನ ಗಾಜಿನ ಒಳಮೈ ಪೂರ್ತಿ ಮಸುಕಾಗಿತ್ತು, ರಸ್ತೆ ಕಾಣುತ್ತಿರಲಿಲ್ಲ. ಹೀಟರಿನ ಹಿಡಿಯನ್ನು ಕೆಂಪು ಗುರುತಿನ ತುದಿಗೆ ಸರಿಸಿದ್ದರೂ ಬರುತ್ತಿದ್ದುದು ಕೊರೆಯುವ ಗಾಳಿ. ಅತ್ತೆ ಒಂದೇ ಸಮನೆ ಕೆಮ್ಮುತ್ತಿದ್ದರು.

“ನೋಡಿ, ಹಿಡಿ ಹೇಗೆ ಲೊಡಲೊಡ ಅಂತಿದೆ!” ಮೈದುನ ಅದನ್ನು ಆ ತುದಿಯಿಂದ ಈ ತುದಿಗೆ ಆಡಿಸಿ ತೋರಿಸಿದ. “ಮುರಿದು ಹಾಕಿದ್ದಾರೆ. ಬೆಳಿಗ್ಗೆ ಕಾರಿನ ಹತ್ರ ಯಾರು ಬಂದಿದ್ರು?”

ನನ್ನ ಹಿಂದೆಯೇ ಒಂಟಿ ಜಡೆಯಲ್ಲಿ ಮಗಳು ನಿಂತಿದ್ದಳು. ಮನೆಯಲ್ಲಿ ಅವಳನ್ನು ಚಿನಕುರುಳಿ ಎನ್ನುತ್ತೇವೆ. ನಿದ್ದೆಯಲ್ಲೂ ಮಾತಾಡುವ ಹುಡುಗಿ.

“ಪುಸ್ತಕದ ಚೀಲ ಇಡೋಕೆ ಬಂದಿದ್ದೆ ಚಿಕ್ಕಪ್ಪ,” ಎಂದಳು. “ಅದನ್ನ ಮುಟ್ಟಿದೆ. ಸುಮ್ನೆ ಮುಟ್ಟಿದೆ. ಸರ್ ಅಂತ ಹೋಗ್ಬಿಡ್ತು.”

“ಸಿಕ್ಕಿಬಿದ್ನಲ್ಲ ಕಳ್ಳ! ಕೈ ಅಲ್ಲ ಇದು, ಕೋತಿ ಕೈ.”

ಅತ್ತೆ ಕೆಮ್ಮಿನ ನಡುವೆಯೇ ತೀರ್ಪು ಕೊಟ್ಟರು. “ಇನ್ಮೇಲೆ ಅವಳು ಈ ಕಾರು ಹತ್ತೋದು ಬೇಡ. ಶಾಲೆಗೆ ವ್ಯಾನಿನಲ್ಲಿ ಹೋಗ್ಲಿ. ಇವತ್ತು ನನ್ನ ಉಸಿರಿಗೇ ಕುತ್ತು ತಂದ್ಲು.”

ಮಗಳು ನನ್ನ ಸೆರಗು ಹಿಡಿದಳು. ಅಳು ಜೋರಾಗಿಯೇ ಬಂತು. ಮೈದುನ ಗಾಜು ಒರೆಸುತ್ತ ಸಿಳ್ಳೆ ಹಾಕುತ್ತಿದ್ದ.

* * *

ಆ ಸಂಜೆ ಮನೆ ಬಿಕೋ ಎನ್ನುತ್ತಿತ್ತು. ಮಗಳು ಗೋಡೆಗೊರಗಿ ಕೂತಿದ್ದಳು. ನಾನು ಬಟ್ಟೆ ಮಡಚುತ್ತಿದ್ದೆ.

“ಅಮ್ಮಾ...”

“ಏನು ಕಂದ?”

“ಏನಿಲ್ಲ.”

ಹೀಗೆ ನಾಲ್ಕಾರು ಸಲ. ನನ್ನವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಫೋನಿನಲ್ಲಿ ಹೇಳಿದರೆ, “ಮಕ್ಕಳಂದ್ಮೇಲೆ ಮುರೀತಾವೆ, ಬಿಡು,” ಎಂದರು. ಮೈದುನ ಗ್ಯಾರೇಜಿನವರನ್ನು ಕೇಳಿದ್ದನಂತೆ. ಇಡೀ ಹೀಟರ್ ಬದಲಾಯಿಸಬೇಕಂತೆ, ಇಷ್ಟು ಹಳೆಯ ಕಾರಿಗೆ ಅದು ಸಿಗುವುದೇ ಕಷ್ಟವಂತೆ.

ನನಗೆ ಹೀಟರಿನ ಚಿಂತೆಯಿರಲಿಲ್ಲ. ಮನೆಯಲ್ಲಿ ಒಂದು ಹೆಸರು ಅಂಟಿದರೆ ಅದು ಸೀರೆಗೆ ಹತ್ತಿಕೊಳ್ಳುವ ಅಂಟುಪುರಲೆ ಬೀಜಕ್ಕಿಂತ ಗಟ್ಟಿ. ಇಂದು ಕೋತಿ ಕೈ. ನಾಳೆ ಬಟ್ಟಲು ಒಡೆದರೂ ಅವಳೇ, ನಲ್ಲಿ ಸೋರಿದರೂ ಅವಳೇ.

ಮಂಗಳವಾರ ಬೆಳಿಗ್ಗೆ ಅವಳು ತಲೆ ತಗ್ಗಿಸಿ ವ್ಯಾನ್ ಹತ್ತಿದಳು. ನಾನು ಒರೆಸುವ ಬಟ್ಟೆ ಹಿಡಿದು ಕಾರಿನೊಳಗೆ ಕೂತೆ.

ಮೊದಲು ಹಿಡಿ. ಸರಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಇದು ಆ ಹಿಡಿಯ ಗುಣವಲ್ಲ. ಶನಿವಾರ ಸಂತೆಗೆ ಹೋದಾಗಲೂ ಅದನ್ನು ಸರಿಸಿ ನನ್ನ ಹೆಬ್ಬೆರಳು ನೊಂದಿತ್ತು. ನನಗೇ ಬಗ್ಗದ್ದು ಪುಟ್ಟ ಬೆರಳಿಗೆ ಹೇಗೆ ಬಗ್ಗಿತು? ಮುರಿದಿದ್ದರೆ ಮುರಿದ ಚೂರು ಎಲ್ಲಿ?

ಆಮೇಲೆ ಸಂದಿ. ಈ ಕಾರನ್ನು ಒಳಗೆ ಒರೆಸುವವಳು ನಾನೊಬ್ಬಳೇ. ಹಿಡಿಯಿರುವ ಫಲಕದ ಸುತ್ತ ಬಟ್ಟೆ ತೂರದ ಒಂದು ಸಂದಿಯಿದೆ. ವರ್ಷಗಳ ಕೊಳೆ ಅಲ್ಲಿ ಮೇಣದಂತೆ ಕೂತಿತ್ತು. ಈಗ ಅದು ಉದ್ದಕ್ಕೂ ಒಡೆದಿತ್ತು. ಸ್ಕ್ರೂಗಳ ತಲೆಯಲ್ಲಿ ಹೊಳೆಯುವ ಹೊಸ ಗೀರುಗಳು.

ಯಾರೋ ಈ ಫಲಕ ಬಿಚ್ಚಿದ್ದಾರೆ. ಅದಕ್ಕೆ ಬೇಕಾದ್ದು ಸ್ಕ್ರೂಡ್ರೈವರ್. ಬೇಕಾದ್ದು ದೊಡ್ಡವರ ಮುಷ್ಟಿ.

ಶನಿವಾರ ಸಂಜೆ, ಸಂತೆಯಿಂದ ಬಂದ ಮೇಲೆ, ಕಾರು ಗ್ಯಾರೇಜಿಗೆ ಹೋಗಿಬಂದಿತ್ತು. ನನ್ನ ಪಿತ್ತ ನೆತ್ತಿಗೇರಿತು.

* * *

“ಫಲಕ ಯಾಕೆ ಬಿಚ್ಚಿದ್ರಿ?” ಗ್ಯಾರೇಜಿಗೆ ಕಾಲಿಟ್ಟವಳೇ ಕೇಳಿದೆ. “ಬಿಚ್ಚಿದ್ಮೇಲೆ ನೆಟ್ಟಗೆ ಹಾಕೋದು ಬೇಡ್ವಾ? ತಪ್ಪು ನಿಮ್ದು, ಬೈಗುಳ ನನ್ನ ಮಗಳಿಗೆ!”

ಮೆಕ್ಯಾನಿಕ್ ಟೈರಿನ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ.

“ಅಕ್ಕ, ಸ್ವಲ್ಪ ಉಸಿರು ತಗೊಳ್ಳಿ. ನಾನು ಆಯಿಲ್ ಬದಲಾಯಿಸಿದೆ, ಬ್ರೇಕ್ ನೋಡಿದೆ. ಆ ಕಡೆಗೆ ಕೈಯೇ ಹಾಕಿಲ್ಲ.”

“ಕೈ ಹಾಕದೆ, ಕಣ್ಣಲ್ಲಿ ನೋಡದೆ, ಇಡೀ ಹೀಟರ್ ಬದಲಾಯಿಸಬೇಕು ಅಂತ ಹೇಗೆ ಹೇಳಿದ್ರಿ?”

“ನಿಮ್ಮ ಮೈದುನ ಫೋನಲ್ಲಿ ಕೇಳಿದ್ರು. ಹಿಡಿ ಸಡಿಲ, ಬಿಸಿ ಬರ್ತಿಲ್ಲ ಅಂದ್ರು. ಬಾಯಿಗೆ ಬಂದದ್ದು ಹೇಳಿದೆ. ಊಟದ ಮಧ್ಯೆ ಇನ್ನೇನು ಹೇಳ್ಲಿ? ರಜಾ ದಿನ ಒಂದು, ಮಕ್ಕಳ ಜೊತೆ ಕೂತಿದ್ದೆ.”

“ರಜಾ ದಿನ?”

“ಭಾನುವಾರ ಅಕ್ಕ.”

“ಸೋಮವಾರ ಇರಬೇಕು.”

“ಸೋಮವಾರ ನನಗೆಲ್ಲಿ ಮನೆಯೂಟ? ಇದೇ ಡಬ್ಬಿ, ಇದೇ ಟೈರು.”

ಮನಸ್ಸಿನಲ್ಲೇ ದಿನ ಎಣಿಸಿದೆ. ಮಗಳು ಹಿಡಿ ಮುಟ್ಟಿದ್ದು ಸೋಮವಾರ ಬೆಳಿಗ್ಗೆ. ಭಾನುವಾರ ಅತ್ತೆ, ನಾನು, ಮಗಳು ಅತ್ತೆಯ ತಂಗಿಯ ಮನೆಯಲ್ಲಿದ್ದೆವು. ಅವರೇ ಬಂದು ಕರೆದೊಯ್ದಿದ್ದರು. ನಮ್ಮ ಕಾರು ಮನೆಯಲ್ಲೇ ಇತ್ತು. ತಲೆನೋವು ಎಂದು ಮನೆಯಲ್ಲೇ ಉಳಿದವನು ಒಬ್ಬನೇ.

* * *

ಅನ್ನಕ್ಕೆ ಇಟ್ಟು, ಉರಿ ಸಣ್ಣ ಮಾಡಿ, ಸ್ಕ್ರೂಡ್ರೈವರ್ ಹಿಡಿದು ಕಾರಿಗೆ ಬಂದೆ.

ಸ್ಕ್ರೂಗಳು ಸುಲಭವಾಗಿ ಬಿಚ್ಚಿಕೊಂಡವು. ಫಲಕವನ್ನು ಮುಂದಕ್ಕೆಳೆದೆ. ಅದರ ಪಕ್ಕದಲ್ಲೇ ರೇಡಿಯೋದ ಬೆನ್ನು ಕಂಡಿತು. ಅಲ್ಲೊಂದು ಹೊಸ ವೈರು. ಅದರ ಗಂಟಿಗೆ ಸುತ್ತಿದ್ದುದು ಗಾಯಕ್ಕೆ ಹಚ್ಚುವ ಪಟ್ಟಿ. ಅದರ ಮೇಲೆ ಹಳದಿ ಬಾತುಕೋಳಿಗಳು. ಮಗಳ ಮಂಡಿ ತರಚಿದಾಗ ಹಚ್ಚಲೆಂದು ನಾನೇ ತಂದದ್ದು.

ನಗು ಬರಬೇಕಿತ್ತು. ಬರಲಿಲ್ಲ.

ಹೀಟರಿನ ವಿಷಯ ಸರಳವಾಗಿತ್ತು. ಹಿಡಿಯಿಂದ ಒಂದು ತಂತಿ ಹೊರಡುತ್ತದೆ, ಸೈಕಲ್ಲಿನ ಬ್ರೇಕ್ ತಂತಿಯಂತೆ. ಅದು ಒಳಗಿರುವ ಗಾಳಿಯ ಬಾಗಿಲನ್ನು ತೆರೆಯುತ್ತದೆ, ಮುಚ್ಚುತ್ತದೆ. ತಂತಿಯ ಮೇಲಿನ ಕೊಳವೆಯನ್ನು ಒಂದು ಉಕ್ಕಿನ ಕ್ಲಿಪ್ಪು ಕಚ್ಚಿ ಹಿಡಿದಿರಬೇಕು. ಹಿಡಿಯದಿದ್ದರೆ ಕೊಳವೆಯೇ ಹಿಂದೆ ಮುಂದೆ ಜಾರುತ್ತದೆ, ಬಾಗಿಲು ಕದಲುವುದಿಲ್ಲ. ತಂತಿ ಗಟ್ಟಿಯಾಗಿತ್ತು. ಹಿಡಿ ಗಟ್ಟಿಯಾಗಿತ್ತು. ಏನೂ ಮುರಿದಿರಲಿಲ್ಲ. ಕ್ಲಿಪ್ಪು ಕಾಲಡಿಯ ಮ್ಯಾಟಿನ ಕೆಳಗೆ ಬಿದ್ದಿತ್ತು.

ಹಿಡಿಯನ್ನು ನೀಲಿ ತುದಿಗೆ ಸರಿಸಿದೆ. ಗಾಳಿಯ ಬಾಗಿಲನ್ನೂ ಬೆರಳಿನಿಂದ ಅದೇ ಕಡೆಗೆ ಒತ್ತಿ ಹಿಡಿದೆ. ಕೊಳವೆಯನ್ನು ಅದರ ಜಾಗದಲ್ಲಿ ಕೂರಿಸಿ ಕ್ಲಿಪ್ಪು ಒತ್ತಿದೆ. ಟಕ್. ಎಂಜಿನ್ ಬಿಸಿಯಾಗುವತನಕ ಕಾದು, ಹಿಡಿಯನ್ನು ಕೆಂಪಿಗೆ ಸರಿಸಿದೆ. ಹೆಬ್ಬೆರಳು ನೊಂದಿತು. ಬೆಚ್ಚನೆ ಗಾಳಿ ಮುಖಕ್ಕೆ ಹೊಡೆಯಿತು.

ಒಳಗೆ ಅನ್ನ ಸೀದಿತ್ತು. ಸೀಯಲಿ.

* * *

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದೆ. “ಹೀಟರ್ ಸರಿಯಾಗಿದೆ.”

“ಅರೆ! ಯಾರು ಮಾಡಿದ್ದು?” ಮೈದುನನ ತುತ್ತು ಅರ್ಧದಲ್ಲೇ ನಿಂತಿತು.

“ನಾನು. ಮುರಿದಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ. ಮುರಿದೇ ಇರ್ಲಿಲ್ಲ. ಫಲಕ ಬಿಚ್ಚಿದವರು ಕ್ಲಿಪ್ಪು ಹಾಕೋದು ಮರೆತಿದ್ರು.”

“ಗ್ಯಾರೇಜಿನವನೇ ಇರಬೇಕು. ಅವನೊಬ್ಬ...”

“ಗ್ಯಾರೇಜಿನವನು ರೇಡಿಯೋ ವೈರಿಗೆ ಬಾತುಕೋಳಿ ಪಟ್ಟಿ ಸುತ್ತೋದಿಲ್ಲ. ಅದು ನಮ್ಮ ಕಪಾಟಿನಲ್ಲಿರೋದು. ಸೋಮವಾರ ಕೆಟ್ಟ ಹೀಟರಿನ ಬಗ್ಗೆ ಭಾನುವಾರವೇ ಅವನಿಗೆ ಫೋನ್ ಮಾಡಿದ್ದೀಯ. ಭವಿಷ್ಯ ಹೇಳೋದು ಯಾವಾಗ ಕಲಿತೆ ನೀನು?”

ಅವನ ಕಿವಿ ಕೆಂಪಾಯಿತು. ಆಮೇಲೆ ನಕ್ಕ. “ಅಯ್ಯೋ ಅತ್ತಿಗೆ, ರೇಡಿಯೋ ಸರಿಮಾಡೋಣ ಅಂತ ಬಿಚ್ಚಿದೆ. ಎಲ್ಲೋ ಎಡವಟ್ಟಾಯ್ತು. ಅಮ್ಮ ಬೈತಾರೆ ಅಂತ ಹೇಳ್ಲಿಲ್ಲ. ಅಷ್ಟರಲ್ಲಿ ಇವಳೇ ನಾನು ಮುಟ್ಟಿದೆ ಅಂದ್ಲು. ನಾನೇನು ಹೇಳು ಅಂದ್ನಾ?”

“ಕಾರಿನ ಹತ್ರ ಯಾರು ಬಂದಿದ್ರು ಅಂತ ಕೇಳಿದ್ದು ಯಾರು? ಕಳ್ಳ ಸಿಕ್ಕಿಬಿದ್ದ ಅಂದಿದ್ದು ಯಾರು? ಮೊದಲೇ ಸಡಿಲವಾಗಿದ್ದ ಹಿಡಿ ಅವಳು ಮುಟ್ಟಿದ ಕೂಡ್ಲೇ ಜಾರಿತು. ಮಗು ತಾನೇ ಮುರಿದೆ ಅಂದ್ಕೊಳ್ತು. ಇದ್ದದ್ದು ಇದ್ದ ಹಾಗೆ ಹೇಳ್ತು. ಆರು ವರ್ಷದವಳಿಗಿರೋ ಧೈರ್ಯ ನಿನಗಿರ್ಲಿಲ್ಲ.”

“ಸಾಕು ಬಿಡೇ,” ಎಂದರು ಅತ್ತೆ. ಅವರ ಕಣ್ಣು ತಟ್ಟೆಯ ಮೇಲಿತ್ತು. “ಹೀಟರ್ ಸರಿಹೋಯ್ತಲ್ಲ. ನಾಳೆಯಿಂದ ಅವಳೂ ಕಾರಲ್ಲೇ ಬರ್ಲಿ. ಊಟದ ಹೊತ್ತಲ್ಲಿ ರಂಪ ಯಾಕೆ?”

“ಹೀಟರ್ ಸರಿಹೋಯ್ತು ಅತ್ತೆ. ಹೀಟರ್ ಮಾತ್ರ.”

ಮೈದುನ ಸಾರಿನ ಪಾತ್ರೆಗೆ ಕೈ ಚಾಚಿದ, ಎಲ್ಲ ಮುಗಿಯಿತು ಎಂಬಂತೆ.

ಮಗಳು ತಟ್ಟೆ ಸರಿಸಿ ಎದ್ದಳು. ಮೇಜು ಸುತ್ತಿಕೊಂಡು ಹೋಗಿ ಅವನ ಕುರ್ಚಿಯ ಪಕ್ಕ ನಿಂತಳು. ನನ್ನನ್ನು ನೋಡಲಿಲ್ಲ. ಅವನನ್ನೇ ನೋಡಿದಳು.

“ಚಿಕ್ಕಪ್ಪ, ನಾನು ಅಳ್ತಾ ಇದ್ದಾಗ ನಿಂಗೆ ಗೊತ್ತಿತ್ತಾ?”