ಅಕ್ಕನ ವ್ಯಾನ್ ಹತ್ತದ ಆ ಬೆಳಿಗ್ಗೆ

"ಶ್ಶ್... ಕಿರುಚಬೇಡಿ! ಪ್ಲೀಸ್!"

ಕತ್ತಲಲ್ಲಿ ಬಂದ ಗಂಡು ದನಿಗೆ ಅವಳ ಎದೆ ಧಸಕ್ಕೆಂದಿತು.

ಗುಡಿಸಲೊಳಗೆ ಕಾಲಿಟ್ಟು ಒಂದು ಕ್ಷಣವೂ ಆಗಿರಲಿಲ್ಲ. ಕಡಲ ಗಾಳಿ ಹಲಗೆಯ ಬಾಗಿಲನ್ನು ಧಡಾರನೆ ಬಡಿದು, ಹೊರಗಿನ ಚಿಲಕ ಬಿದ್ದುಬಿಟ್ಟಿತ್ತು. ಎಳೆದಳು. ನೂಕಿದಳು. ಊಹೂಂ!

"ಯಾರ್ರೀ ನೀವು? ಮೊದಲು ಬಾಗಿಲು ತೆಗೀರಿ!"

"ಚಿಲಕ ಹೊರಗಿದೆ. ಈಗ ನಾನೂ ನಿಮ್ಮ ಜೊತೆ ಸಿಕ್ಕಿಹಾಕ್ಕೊಂಡೆ. ಮೆಲ್ಲಗೆ ಬನ್ನಿ... ಇಲ್ಲಿಂದ ಕೆಳಗೆ ನೋಡಿ."

ಬಂಡೆಯ ತುದಿಯಲ್ಲಿ, ಪ್ರಾಣಿಗಳಿಗೆ ಕಾಣದಂತೆ ಕೂತು ನೋಡಲೆಂದೇ ಕಟ್ಟಿದ್ದ ಗುಡಿಸಲು ಅದು. ಹಲಗೆಗಳ ಸಂದಿಯಿಂದ ಅವಳು ಬಗ್ಗಿ ನೋಡಿದಳು. ಕೆಳಗಿನ ಮರಳ ಮೇಲೆ ಹಿಂಡು ಹಿಂಡು ಸೀಲ್‌ಗಳು, ಆ ಚಳಿ ಕರಾವಳಿಯ ಕಡಲನಾಯಿಗಳು! ಅವುಗಳ ನಡುವೆ ಇನ್ನೂ ಮೈ ಒದ್ದೆಯಿದ್ದ ಒಂದು ಮರಿ.

"ನಾವು ಕೂಗಿದ್ರೆ ಎಲ್ಲವೂ ಗಾಬರಿಯಾಗಿ ನೀರಿಗೆ ನುಗ್ತವೆ. ಆ ಮರಿ ಅವುಗಳ ಅಡಿಗೆ ಸಿಕ್ಕಿಬಿಡುತ್ತೆ" ಎಂದನವನು.

ಕೊರಳಲ್ಲಿ ದುರ್ಬೀನು, ಮಂಡಿಯ ಮೇಲೆ ರೆಕಾರ್ಡರ್, ಪಕ್ಕದಲ್ಲಿ ಮಾಸಲು ಬ್ಯಾಗು. ಪ್ರಾಣಿಗಳ ದನಿ ರೆಕಾರ್ಡ್ ಮಾಡುವುದು ಅವನ ಕೆಲಸವಂತೆ. ಕರಾವಳಿಯುದ್ದಕ್ಕೂ ಸಿಕ್ಕ ಸಿಕ್ಕ ಬಸ್ಸು ಹತ್ತಿ ಅಲೆಯುತ್ತಿದ್ದನಂತೆ.

"ಪ್ರವಾಸಕ್ಕೆ ಬಂದ್ರಾ? ಏನೇನು ನೋಡಿದ್ರಿ?"

"ನಮ್ಮ ಭಾವನ ಬೋಳುತಲೆ" ಎಂದಳು ಬೇಸರದಿಂದ. "ವ್ಯಾನಿನ ಹಿಂದಿನ ಸೀಟಲ್ಲಿ ಮಕ್ಕಳ ಮಧ್ಯೆ ಕೂತ್ರೆ ಕಾಣೋದು ಅದೊಂದೇ!"

ಅವನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಅವನ ಭುಜ ಕುಲುಕುವುದನ್ನು ನೋಡಿ ಅವಳಿಗೂ ನಗು ಬಂತು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ಅಮ್ಮ ಹೋದಾಗ ಅವಳಿನ್ನೂ ಶಾಲೆಯ ಹುಡುಗಿ. ಸಾಕಿದ್ದು ಅಕ್ಕ. ಓದು ಮುಗಿಯುತ್ತಲೇ ಭಾವನ ಕನ್ನಡಕದ ಅಂಗಡಿ ಸೇರಿದಳು. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಸಂಜೆ ಅಕ್ಕನ ಮಕ್ಕಳು, ರಾತ್ರಿ ಅಡುಗೆಮನೆ. 'ನಂಗೆ ಬೇಡ' ಎನ್ನುವ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗಿತ್ತು. ಸಾಕಿದವರಿಗೆ ಹಾಗೆನ್ನುವುದು ಹೇಗೆ?

ಅವನು ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ತಾಯಿ ಸೀಲ್ ಮರಿಯನ್ನು ಕರೆಯುತ್ತಿತ್ತು... ಮರಿ ಓಗೊಡುತ್ತಿತ್ತು...

ಅವಳ ಕಣ್ಣು ತುಂಬಿ ಬಂತು. ಅವನು ರೆಕಾರ್ಡರ್ ಆರಿಸಿದ. ಆಮೇಲೆ ಪಿಸುಗುಟ್ಟಿದ.

"ನಾಳೆ ದೀಪಸ್ತಂಭದ ಊರಿಗೆ ಹೋಗ್ತಿದ್ದೀನಿ. ಅಲ್ಲಿ ಡಾಲ್ಫಿನ್ ಬರ್ತವಂತೆ. ನೀವೂ... ಬರ್ತೀರಾ?"

ಅವಳು ಉತ್ತರಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಹೊರಗೆ ಅಕ್ಕ! ಅವನನ್ನೂ ಅವನ ದುರ್ಬೀನನ್ನೂ ನೋಡಿ ಮುಖವರಳಿಸಿದಳು.

"ಓಹೋ, ಪರಿಚಯ ಆಗೇಬಿಡ್ತಾ! ಪುಟ್ಟೀ, ಹೇಳಿದ್ನಲ್ಲ, ಭಾವನ ಸ್ನೇಹಿತರ ತಮ್ಮ ಇವತ್ತು ನಮ್ಮನ್ನ ಸೇರ್ಕೋತಾರೆ ಅಂತ. ಪ್ರಾಣಿ-ಪಕ್ಷಿ ಅಂದ್ರೆ ಪ್ರಾಣವಂತೆ. ಒಪ್ಪಿಗೆ ಆದ್ರೆ ಇಲ್ಲೇ ಮದುವೆ ಮಾತು ಮುಗಿಸೋಣ ಅಂತಿದಾರೆ ಭಾವ!"

ಅವಳು ಅವನತ್ತ ತಿರುಗಿದಳು. ಅಂದರೆ... ಇವನೇ ಹುಡುಗನಾ? ಬಾಗಿಲು, ಸೀಲ್, ಹೆಡ್‌ಫೋನ್, ಎಲ್ಲ ನನ್ನನ್ನು ಬಲೆಗೆ ಕೆಡವೋಕಾ?

"ನಾಟಕ ಚೆನ್ನಾಗಿತ್ತು! ಚಿಲಕ ಬೀಳೋ ಹಾಗೆ ಮಾಡಿದ್ದೂ ನೀವೇನಾ?"

"ಏನು... ಯಾವ ನಾಟಕ?"

ಅವಳು ತಿರುಗಿಯೂ ನೋಡದೆ ನಡೆದುಬಿಟ್ಟಳು.

ಸಂಜೆ ವಸತಿಗೃಹದ ಮುಂದೆ ಕಾರೊಂದು ನಿಂತಿತು. ಭಾವ ಓಡಿಹೋಗಿ ಕೈಕುಲುಕಿ ಕರೆತಂದಿದ್ದು ಬೇರೆಯೇ ಒಬ್ಬನನ್ನು!

ಅಕ್ಕ ಕಕ್ಕಾಬಿಕ್ಕಿಯಾದಳು. ಪಾಪ, ಹುಡುಗನನ್ನು ಅವಳೂ ನೋಡಿರಲಿಲ್ಲ.

ಬಂದವನು ಮರ್ಯಾದಸ್ಥನೇ. ಅವನದ್ದೂ ಕನ್ನಡಕದ ವ್ಯಾಪಾರ. "ಮದುವೆ ಆದ್ಮೇಲೂ ನೀವು ಇದೇ ಕೆಲಸ ಮಾಡ್ಬಹುದು. ನಮ್ಮ ಅಂಗಡಿ ಹಿಂದೆ ಒಳ್ಳೇ ಕೋಣೆ ಇದೆ" ಎಂದ, ವರ ಕೊಡುವವನಂತೆ.

ಇನ್ನೊಂದು ಹಿಂದಿನ ಕೋಣೆ! ಅವಳು ಎದ್ದು ಕಿಟಕಿಯ ಬಳಿ ಹೋಗಿ ಕಡಲಿನತ್ತ ನೋಡಿದಳು.

'ಅಯ್ಯೋ... ಆ ಗುಡಿಸಲಿನವನಿಗೆ, ಏನೂ ಅರಿಯದವನಿಗೆ ಎಂಥ ಮಾತಂದೆ!'

ಬೆಳಿಗ್ಗೆ ಮಕ್ಕಳು ವ್ಯಾನ್ ಹತ್ತಿದರು. ಅವಳು ಬ್ಯಾಗು ಬೆನ್ನಿಗೇರಿಸಿಕೊಂಡು ಕೆಳಗೇ ನಿಂತಳು.

"ಅಕ್ಕಾ, ನಾನು ಬರಲ್ಲ. ದೀಪಸ್ತಂಭದ ಊರಿಗೆ ಹೋಗ್ತೀನಿ. ಈ ಸಂಬಂಧವೂ ಬೇಡ."

"ಏನಾಯ್ತೇ ನಿಂಗೆ? ಹೆತ್ತ ಮಗಳಿಗಿಂತ ಹೆಚ್ಚಾಗಿ ಸಾಕಿದ್ನಲ್ಲೇ!"

"ಸಾಕಿದ್ದಕ್ಕೆ ನಿನ್ನ ಕಾಲಿಗೆ ಬೀಳ್ತೀನಿ ಅಕ್ಕಾ... ಆದ್ರೆ ಜೀವನಪೂರ್ತಿ ಬಿದ್ದೇ ಇರೋಕಾಗಲ್ಲ!"

ಭಾವ ಹಾರನ್ ಒತ್ತಿದರು. ಅಕ್ಕ ಕದಲಲಿಲ್ಲ. ತಂಗಿಯನ್ನೇ ನೋಡುತ್ತಾ ನಿಂತಳು, ಮೊದಲ ಸಲ ನೋಡುವವಳಂತೆ. ಕೊನೆಗೆ ತನ್ನ ಮೈಮೇಲಿದ್ದ ಸ್ವೆಟರ್ ಬಿಚ್ಚಿ ತಂಗಿಯ ಕೈಗಿಟ್ಟಳು.

"ಗಾಳಿ ಜೋರಿರುತ್ತೆ... ತಲುಪಿದ ತಕ್ಷಣ ಫೋನ್ ಮಾಡು. ಭಾವನಿಗೆ ನಾನು ಹೇಳ್ಕೋತೀನಿ."

ಅವಳು ಅಕ್ಕನನ್ನು ಬಿಗಿಯಾಗಿ ಅಪ್ಪಿಕೊಂಡಳು.

ದೀಪಸ್ತಂಭದ ಊರಲ್ಲಿ ಬಸ್ಸಿಳಿದಾಗ ಹೊತ್ತು ನೆತ್ತಿಗೇರಿತ್ತು. ದೋಣಿ ಕಟ್ಟುವ ಕಟ್ಟೆಯ ತುದಿಯಲ್ಲಿ ಅವನೊಬ್ಬನೇ ಕೂತು, ನೀರಿಗೆ ಮೈಕ್ ಇಳಿಬಿಟ್ಟಿದ್ದ.

"ಇಲ್ಲೂ ನಾಟಕ ನೋಡೋಕೆ ಬಂದ್ರಾ?" ದನಿಯಲ್ಲಿ ನೋವಿತ್ತು.

"ಇಲ್ಲ, ಕ್ಷಮೆ ಕೇಳೋಕೆ. ನೀವೇ ನನ್ನನ್ನ ನೋಡೋಕೆ ಬಂದ ಹುಡುಗ ಅಂದ್ಕೊಂಡುಬಿಟ್ಟೆ!"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದಕ್ಕಾ ನಿಮ್ಮಕ್ಕ ನನ್ನ ನೋಡಿ ಅಷ್ಟೊಂದು ಖುಷಿಪಟ್ಟಿದ್ದು!"

ಇಬ್ಬರೂ ನಕ್ಕರು. ಅವಳು ಅವನ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂತಳು.

"ಡಾಲ್ಫಿನ್ ಬಂದ್ವಾ?"

"ಬೆಳಿಗ್ಗೆಯೇ ಬಂದು ಹೋದ್ವು. ನನ್ನ ಕೆಲಸ ಆಗ್ಲೇ ಮುಗೀತು."

"ಮತ್ತೆ... ಮುಂದಿನ ಊರಿಗೆ ಹೋಗ್ಲಿಲ್ವಾ?"

"ಬಸ್ಸು ಬಂತು. ಹತ್ತೋಕೆ ಮನಸ್ಸು ಬರ್ಲಿಲ್ಲ." ಅವನು ಮೈಕಿನ ತಂತಿ ಸುತ್ತುತ್ತಲೇ ಹೇಳಿದ. "ನೀವು ಬೈದು ಹೋದ ಮೇಲೂ... ಒಂದು ವೇಳೆ ಬಂದ್ರೆ ಅಂತ ಆಸೆ. ಇದನ್ನ ಏನಂತಾರೋ ನಂಗೊತ್ತಿಲ್ಲ. ನಿಮಗೆ ಗೊತ್ತಾ?"

"ಗೊತ್ತು..." ಎಂದಳವಳು, ಕೆನ್ನೆ ಬಿಸಿಯಾಗುತ್ತಿರಲು. "ನನ್ನನ್ನ ಇಲ್ಲೀತನಕ ಬಸ್ಸಲ್ಲಿ ಕರ್ಕೊಂಡು ಬಂದಿದ್ದೂ ಅದೇ."

ಅಲೆಯೊಂದು ಕಟ್ಟೆಗೆ ಬಡಿದು ಇಬ್ಬರ ಪಾದಗಳನ್ನೂ ತೋಯಿಸಿತು.

"ಹೆದರಿಕೆ ಆಗ್ತಿದೆಯಾ?" ಎಂದನವನು.

"ತುಂಬಾ..."

"ನಂಗೂ. ಕೈ ಹಿಡ್ಕೋ."

ಅವನು ಏಕವಚನಕ್ಕಿಳಿದದ್ದು ಅವನಿಗೇ ತಿಳಿದಿರಲಿಲ್ಲ. ಅವಳಿಗೆ ತಿಳಿಯಿತು.

"ನೀನೇ ಹಿಡಿ" ಎಂದಳು.