ಸಮುದ್ರದ ಕಡೆಗೆ ಮುಖ ಮಾಡಿದ ಛತ್ರಿ

ಮುಮತಾಜ ಕಲ್ಲಿನ ಮೇಲೆ ನಿಂತು, ಛತ್ರಿಯ ಹಿಂಬದಿಗೆ ಬೆನ್ನು ಕೊಟ್ಟು, ಉಸಿರು ಬಿಗಿಹಿಡಿದು ನೂಕಿದಳು. ಛತ್ರಿ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಸುತ್ತ ನೋಡಿದಳು. ಭಾನುವಾರದ ಬೆಳಗು. ಶಾಲೆಯ ಅಂಗಳದಲ್ಲಿ ಎರಡು ಆಡುಗಳು ಬಿಟ್ಟರೆ ಯಾರೂ ಇರಲಿಲ್ಲ. ಆಡುಗಳು ಯಾರಿಗೂ ಚಾಡಿ ಹೇಳುವಂತಿರಲಿಲ್ಲ. ಇನ್ನೊಮ್ಮೆ ನೂಕಿದಳು. ಕಿರ್ ಎಂದಿತು. ಎರಡು ಬೆರಳಿನಷ್ಟು ಮುಂದಕ್ಕೆ ಬಾಗಿತು.

"ಇಷ್ಟು ಸಾಕು," ಎಂದು ಛತ್ರಿಗೆ ಹೇಳಿ ಕಲ್ಲಿನಿಂದ ಇಳಿದಳು.

ಛತ್ರಿ ಅಂದರೆ ಮಳೆಗೆ ಹಿಡಿಯುವ ಛತ್ರಿಯಲ್ಲ. ಬಂಡಿಯ ಗಾಲಿಗಿಂತ ಎರಡು ಪಟ್ಟು ಅಗಲದ, ತಂತಿ ಜಾಲರಿಯ ದೊಡ್ಡ ಬುಟ್ಟಿ ಅದು. ಕಬ್ಬಿಣದ ಕಾಲುಗಳ ಮೇಲೆ ಮುಖ ಎತ್ತಿಕೊಂಡು ನಿಂತಿತ್ತು. ಕರಜಗಿಯ ಆಚೆಗಿನ ಆ ಸಣ್ಣ ಊರಿಗೆ ೧೯೭೫ರಲ್ಲಿ ಅದು ಬಂದಾಗ ಜೊತೆಗೆ ಒಂದು ಟಿವಿಯೂ ಬಂದಿತ್ತು. ಆ ಟಿವಿ ಸರ್ಕಾರದ್ದು, ಊರಿಗೆಲ್ಲ ಅದೊಂದೇ. ದಿನಾ ಸಂಜೆ ಶಾಲೆಯ ಪಡಸಾಲೆಯಲ್ಲಿ ಅದರ ಬಾಗಿಲು ತೆರೆದರೆ ಊರಿಗೆ ಊರೇ ಬಂದು ಕೂರುತ್ತಿತ್ತು.

ಛತ್ರಿ ಹೇಗೆ ಕೆಲಸ ಮಾಡುತ್ತದೆ ಎಂದು ಬಸವಂತರಾಯ ಮಾಸ್ತರರು ಕ್ಲಾಸಿನಲ್ಲಿ ವಿವರವಾಗಿಯೇ ಹೇಳಿದ್ದರು. ಆದರೆ ಆ ದಿನ ಕಿಟಕಿಯ ಹೊರಗೆ ಗುಬ್ಬಿಯೊಂದು ತನಗಿಂತ ಉದ್ದದ ಕಡ್ಡಿ ಹೊತ್ತುಕೊಂಡು ಒದ್ದಾಡುತ್ತಿತ್ತು. ಮುಮತಾಜಳ ಒಂದು ಕಿವಿ ಮಾಸ್ತರರ ಕಡೆಗಿತ್ತು, ಮಿಕ್ಕಿದ್ದೆಲ್ಲ ಗುಬ್ಬಿಯ ಕಡೆಗೆ. ಅವಳ ತಲೆಯಲ್ಲಿ ಉಳಿದದ್ದು ಇಷ್ಟೇ: ಛತ್ರಿ ದೂರದ ಚಿತ್ರ ಹಿಡಿಯುತ್ತದೆ, ಹಿಡಿದು ಟಿವಿಗೆ ಕೊಡುತ್ತದೆ.

ಉಳಿದದ್ದನ್ನು ಅವಳೇ ಯೋಚಿಸಿ ತುಂಬಿಕೊಂಡಿದ್ದಳು. ನಾವು ಮುಖ ಮಾಡಿದ ಕಡೆ ಇರುವುದು ತಾನೇ ನಮಗೆ ಕಾಣುವುದು? ಛತ್ರಿಗೂ ಹಾಗೇ ಇರಬೇಕು. ಛತ್ರಿ ಮುಖ ಮಾಡಿದ್ದು ಪಡುವಣಕ್ಕೆ, ಮನೆಯಲ್ಲಿ ದಾದಿ ನಮಾಜಿಗೆ ಮುಖ ಮಾಡುವ ಕಡೆಗೇ. ಮುಂಬಯಿ ಆ ಕಡೆಗೆ, ಸಮುದ್ರವೂ ಆ ಕಡೆಗೆ. ಆದರೆ ಸಮುದ್ರ ಇರುವುದು ನೆಲದ ಮೇಲೆ, ಛತ್ರಿ ನೋಡುತ್ತಿದ್ದದ್ದು ಮುಗಿಲನ್ನು. ಅದರ ಮುಖ ತುಸು ಬಗ್ಗಿಸಿದರೆ ಸಮುದ್ರ ಸಿಗಲೇಬೇಕು.

ಅವಳಿಗೆ ಸಮುದ್ರ ಬೇಕಾಗಿದ್ದು ದಾದಿಗಾಗಿ.

ದಾದಿ ಅಂದರೆ ಅವಳ ಅಪ್ಪನ ತಾಯಿ, ಗೌಸಿಯಾಬೇಗಂ. ಮುಮತಾಜಳ ದಾದಾ, ಅಂದರೆ ದಾದಿಯ ಗಂಡ, ಬಹಳ ವರ್ಷಗಳ ಹಿಂದೆ ಹಜ್‌ಗೆ ಹೋಗಿದ್ದರು. ಮುಂಬಯಿಯಿಂದ ಹಡಗು ಹತ್ತಿದವರು ತಿರುಗಿ ಬರಲಿಲ್ಲ. ಅಲ್ಲೇ ಜ್ವರ ಬಂದು ತೀರಿಕೊಂಡರು, ಅಲ್ಲೇ ಮಣ್ಣಾದರು. ದಾದಿ ಅವರನ್ನು ಕಳಿಸಲು ಹೋಗಿದ್ದು ಭೀಮಾ ನದಿಯ ದಂಡೆಯವರೆಗೆ ಮಾತ್ರ. ತಾನೇ ಕೈಯಾರೆ ಹೆಣೆದ ಬಿಳಿ ಟೊಪ್ಪಿಗೆ ಅವರ ತಲೆಯ ಮೇಲಿತ್ತಂತೆ. ಅಲ್ಲಿಂದ ಮುಂದಿನದು ದಾದಿಗೆ ಗೊತ್ತಿರಲಿಲ್ಲ. ಅವರು ದಾಟಿಹೋದ ಸಮುದ್ರ ಹೇಗಿರುತ್ತದೆ ಎಂದು ಅವಳು ಕಂಡವರನ್ನೆಲ್ಲ ಕೇಳುತ್ತಿದ್ದಳು. ಊರಲ್ಲಿ ಸಮುದ್ರ ಕಂಡವರೇ ಇರಲಿಲ್ಲ.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಟಿವಿಯಲ್ಲಿ ಸಮುದ್ರ ಬಂತು. ನೀರು ಮೇಲಕ್ಕೆದ್ದು ಮಗುಚಿ ಬೀಳುತ್ತಿತ್ತು. ತುಂಬ ದೂರದಲ್ಲಿ ಹೆಬ್ಬೆರಳಿನಷ್ಟು ಸಣ್ಣ ಹಡಗು ಹೋಗುತ್ತಿತ್ತು. ಮುಮತಾಜ ಬಾಯಿ ಬಿಟ್ಟುಕೊಂಡು ನೋಡಿದಳು. ಮುಗಿದ ಕೂಡಲೇ ಮನೆಗೆ ಓಡಿದಳು.

"ಭೀಮಾ ಹೊಳಿ ತುಂಬಿ ಬಂದಾಗ ಇರ್ತದಲ್ಲ, ಅಷ್ಟು ದೊಡ್ಡದೇನು?" ದಾದಿ ಕೇಳಿದಳು.

"ಅದಕ್ಕಿಂತ ದೊಡ್ಡದು."

"ಅಂದ್ರ ಎಷ್ಟು?"

ಮುಮತಾಜ ಎರಡೂ ಕೈ ಚಾಚಿದಳು. ಸಾಲಲಿಲ್ಲ. "ನನಗ ಹೇಳಾಕ ಬರಲ್ಲ ದಾದಿ. ನೀನಽ ಬಂದು ನೋಡಬೇಕು," ಅಂದಳು.

ದಾದಿಗೆ ಮೊಣಕಾಲು ನೋವು, ಒಂದು ಕಣ್ಣಿಗೆ ಪೊರೆ ಬೇರೆ. ಮನೆಯ ಕಟ್ಟೆ ಬಿಟ್ಟು ಇಳಿಯುತ್ತಿದ್ದದ್ದೇ ಕಡಿಮೆ. ಅವಳನ್ನು ಒಪ್ಪಿಸಲು ಮುಮತಾಜಳಿಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಇನ್ನೊಂದು ತೊಂದರೆ ತಿಳಿದಿತ್ತು. ಟಿವಿ ಒಮ್ಮೆ ತೋರಿಸಿದ್ದನ್ನು ಮತ್ತೆ ತೋರಿಸುತ್ತಿರಲಿಲ್ಲ. ದಿನಾ ಕೂತು ನೋಡಿದರೂ ಬರುತ್ತಿದ್ದದ್ದು ಜೋಳದ ಹುಳು, ಕೋಳಿ ಸಾಕಣೆ, ಕೈ ತೊಳೆಯುವ ಬಗೆ. ಎಷ್ಟು ಕೇಳಿಕೊಂಡರೂ ಸಮುದ್ರ ಬರಲಿಲ್ಲ. ಹೀಗಾಗಿ ಅವಳು ಛತ್ರಿಗೆ ಬೆನ್ನು ಕೊಡಬೇಕಾಯಿತು.

ಆ ಭಾನುವಾರ ಸಂಜೆ ದಾದಿ ತೊಳೆದ ಬಿಳಿ ಓಢಣಿ ಹೊದ್ದುಕೊಂಡು ಹೊರಟಳು. ಮುಮತಾಜಳ ಹೆಗಲ ಮೇಲೆ ಕೈ ಇಟ್ಟು, ಸಿಕ್ಕ ಸಿಕ್ಕ ಕಟ್ಟೆಯ ಮೇಲೆ ಕೂತು, ದಣಿವಾರಿಸಿಕೊಂಡು ನಡೆದಳು. ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ "ಸಮುದ್ರ ನೋಡಾಕ ಹೊಂಟೇನಿ," ಎಂದು ನಾಚಿಕೊಂಡು ಹೇಳಿದಳು. ಮುಮತಾಜಳಿಗೆ ನೆಲದ ಮೇಲೆ ಕಾಲೇ ಇರಲಿಲ್ಲ.

ಮಾಸ್ತರರು ಶನಿವಾರವೇ ಅಫಜಲಪುರಕ್ಕೆ ಹೋಗಿದ್ದರು. ಬೀಗದ ಕೈ ಜವಾನ ಅಂಬಾರಾಯನ ಹತ್ತಿರ ಇತ್ತು. ಮಾಸ್ತರರು ಇಲ್ಲದ ದಿನ ಅಂಬಾರಾಯನ ಠೀವಿಯೇ ಬೇರೆ. ದಾದಿಗೆ ಮಾಸ್ತರರ ಕುರ್ಚಿ ಹಾಕಿಸಿದ, ಮಕ್ಕಳನ್ನು ಸಾಲಾಗಿ ಕೂರಿಸಿದ, ಟಿವಿಯ ಬಾಗಿಲು ತೆರೆದು ಗುಂಡಿ ತಿರುವಿದ.

ಸೋ ಎಂದು ಸದ್ದು ಬಂತು. ಗಾಜಿನ ತುಂಬ ಬಿಳಿ ಇರುವೆಗಳು ಹರಿದಾಡಿದವು. ಚಿತ್ರ ಬರಲಿಲ್ಲ.

ಇಂಥ ತಂಟೆ ಹೊಸದೇನಲ್ಲ. ಗಾಳಿ ಬೀಸಿದರೆ, ಕಾಗೆ ಕೂತರೆ, ಕರೆಂಟು ಕುಣಿದರೆ ಚಿತ್ರ ಹೋಗುವುದಿತ್ತು, ತಾನಾಗಿ ಬರುವುದೂ ಇತ್ತು. ಅಂಬಾರಾಯ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದ. ಆರಿಸಿ ಮತ್ತೆ ಹಚ್ಚಿದ. ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಟಿವಿಯ ಪಕ್ಕೆಗೆ ಮೆಲ್ಲಗೆ ಬಡಿದ, ಆಮೇಲೆ ಜೋರಾಗಿ ಬಡಿದ. ಹೆಗಲ ಮೇಲಿನ ಟವೆಲ್‌ನಿಂದ ಗಾಜು ಒರೆಸಿದ. ಇರುವೆಗಳು ಗಾಜಿನ ಒಳಗಿದ್ದವು, ಟವೆಲ್‌ಗೆ ಹೆದರಲಿಲ್ಲ.

ಕೂತವರು ಸುಮ್ಮನಿರುತ್ತಾರೆಯೇ? ಮೋಡ ಅಡ್ಡ ಬಂದಿದೆ ಅಂದರು ಒಬ್ಬರು. ಆಡು ಮೈ ತಿಕ್ಕಿ ಛತ್ರಿ ಅಲುಗಿರಬೇಕು ಅಂದರು ಇನ್ನೊಬ್ಬರು.

ಛತ್ರಿ ಎಂಬ ಮಾತು ಕೇಳಿದ್ದೇ ಮುಮತಾಜ ತಟ್ಟನೆ ಎದ್ದು ನಿಂತಳು. ತಪ್ಪು ಪಾಪದ ಆಡುಗಳ ಮೇಲೆ ಬಂತಲ್ಲ! ಅವಳು ಸದ್ದಿಲ್ಲದೆ ಹೊರಗೆ ಜಾರಿದಳು. ಈ ಸಲ ಮುಂದಿನಿಂದ ನೂಕಿದಳು. ಛತ್ರಿ ತುಸು ಹಿಂದಕ್ಕೆ ಹೋಯಿತು. ಕಿಟಕಿಗೆ ಓಡಿ ಒಳಗೆ ಇಣುಕಿದಳು. ಇರುವೆಗಳು. ಮತ್ತೆ ಓಡಿ ಹೋಗಿ ನೂಕಿದಳು, ಮತ್ತೆ ಇಣುಕಿದಳು. ಇರುವೆಗಳೇ. ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಗೆ ಬಂದಿದೆ ಅನಿಸಿತು. ಆದರೂ ಚಿತ್ರ ಬರಲಿಲ್ಲ. ಬೆವರು ಕಣ್ಣಿಗೆ ಇಳಿಯಿತು, ಅದರ ಜೊತೆ ಅಳುವೂ ಬಂತು. ಊರಿನ ಟಿವಿಯನ್ನು ತಾನೇ ಕೆಡಿಸಿದ್ದಳು. ಅದೂ ದಾದಿ ಬಂದ ದಿನವೇ.

ಒಳಗೆ ಬಂದಾಗ ಜನ ಚಾಪೆ ಕೊಡವಿಕೊಂಡು ಏಳುತ್ತಿದ್ದರು. ಅಂಬಾರಾಯ ಟಿವಿ ಆರಿಸಲು ಕೈ ಚಾಚಿದ.

"ಇರಲಿ ಬಿಡಪ್ಪ, ತುಸು ಹೊತ್ತು," ಅಂದಳು ದಾದಿ.

ಪಡಸಾಲೆ ಖಾಲಿಯಾಯಿತು. ಅಂಬಾರಾಯ ಹೊರಗೆ ಹೋಗಿ ಬೀಡಿ ಹಚ್ಚಿದ. ದಾದಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಗಾಜನ್ನೇ ನೋಡುತ್ತಿದ್ದಳು. ಬೆಳ್ಳಗಿನ ಬೆಳಕು ಅವಳ ಮುಖದ ಮೇಲೆ, ಓಢಣಿಯ ಮೇಲೆ ಅಲುಗಾಡುತ್ತಿತ್ತು. ಸೋ ಎಂಬ ಸದ್ದು ನಿಲ್ಲದೆ ಬರುತ್ತಲೇ ಇತ್ತು. ಮುಮತಾಜ ಅವಳ ಕಾಲ ಬಳಿ ಕೂತಳು. ಕಣ್ಣೀರಿನಲ್ಲಿ ನೋಡಿದರೆ ಟಿವಿಯೂ ಪಡಸಾಲೆಯೂ ಸೇರಿ ಎಲ್ಲ ನೀರಾಗಿ ಕಾಣುತ್ತಿತ್ತು.

"ಮುಮತಾಜ, ಇದಽ ಏನು ಸಮುದ್ರ?"

ಅಲ್ಲ ಎನ್ನಲು ಮುಮತಾಜ ಬಾಯಿ ತೆರೆದಳು.

"ಛಲೋ ಅದ," ಅಂದಳು ದಾದಿ. "ಎಷ್ಟು ದೊಡ್ಡದು. ಆಚಿ ದಂಡಿನಽ ಕಾಣವಲ್ದು."

"ಹೂಂ," ಅಂದಳು ಮುಮತಾಜ. ಬಹಳ ಸಣ್ಣ ದನಿಯ ಹೂಂ ಅದು. ಆದರೂ ಅವಳಿಗೆ ಅದು ಭಾರವಾಯಿತು. ಮನೆಗೆ ಹೋಗುವಾಗ ದಾದಿ ಹೆಗಲ ಮೇಲೆ ಕೈ ಇಟ್ಟರೆ ಆ ಕೈ ಬರುವಾಗಿನಷ್ಟು ಹಗುರಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನಿಂದ ಇಳಿದ ಬಸವಂತರಾಯ ಮಾಸ್ತರರಿಗೆ ಎದುರಾದದ್ದು ಮುಮತಾಜ. ಚೀಲ ಹಿಡಿದುಕೊಳ್ಳಲು ಬಂದಿದ್ದಾಳೆ ಎಂದುಕೊಂಡರು ಅವರು. ಅವಳು ಚೀಲದ ಕಡೆ ನೋಡಲೂ ಇಲ್ಲ. ದಾರಿಯುದ್ದಕ್ಕೂ ಅಳುತ್ತ, ಮೂಗೊರೆಸಿಕೊಳ್ಳುತ್ತ, ಎಲ್ಲವನ್ನೂ ಹೇಳಿದಳು. ಸಮುದ್ರ, ಕಲ್ಲು, ಕಿರ್ ಎಂಬ ಸದ್ದು, ಇರುವೆಗಳು. ಆಡುಗಳದ್ದು ಏನೂ ತಪ್ಪಿಲ್ಲ ಎಂಬುದನ್ನೂ ಬಿಡಲಿಲ್ಲ.

ಮಾಸ್ತರರು ಛತ್ರಿಯ ಹತ್ತಿರ ಬಂದು ನಿಂತರು. ಬಯ್ಯಲಿಲ್ಲ. ಜಾಲರಿಯ ಮೇಲೆ ಕೈಯಿಟ್ಟರು.

"ನೀ ಮುಟ್ಟದಿದ್ರೂ ನಿನ್ನೆ ಏನೂ ಬರ್ತಿರಲಿಲ್ಲವ್ವ," ಅಂದರು. "ಶನಿವಾರಕ್ಕ ಮುಗೀತು. ಮುಗಿಲಿಂದ ಚಿತ್ರ ಕಳಸ್ತಿದ್ದ ಆ ಉಪಗ್ರಹ ನಮ್ಮದಲ್ಲ. ಒಂದು ವರ್ಷಕ್ಕಂತ ಬ್ಯಾರೆ ದೇಶದವರು ಕೊಟ್ಟಿದ್ರು, ಈಗ ತಿರುಗಿ ತಗೊಂಡ್ರು. ಕ್ಲಾಸಿನಾಗ ಹೇಳಿದ್ನಲ್ಲ?"

ಮುಮತಾಜ ತಲೆ ತಗ್ಗಿಸಿದಳು. ಗುಬ್ಬಿ ನೆನಪಾಯಿತು. "ಮತ್ತ ಬರಲ್ಲೇನ್ರಿ ಸರ?"

"ಇನ್ನೂ ಸ್ವಲ್ಪ ದಿನ ಮುಂದುವರಸ್ತಾರಂತ ನಾನೂ ಆಸೆ ಇಟ್ಕೊಂಡಿದ್ದೆ," ಅಂದರು ಮಾಸ್ತರರು. ಅಫಜಲಪುರದಲ್ಲಿ ವಿಚಾರಿಸಿ ಬಂದಿದ್ದರಂತೆ. ಸದ್ಯಕ್ಕೆ ಇಲ್ಲ ಎಂದು ಅಲ್ಲಿ ಹೇಳಿದರಂತೆ.

ತಾನು ಕೆಡಿಸಲಿಲ್ಲ ಎಂದು ಮುಮತಾಜಳಿಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಕೆಟ್ಟಿದ್ದರೆ ಯಾರಾದರೂ ರಿಪೇರಿ ಮಾಡುತ್ತಿದ್ದರು. ಕೆಡದೇ ಇರುವುದನ್ನು ರಿಪೇರಿ ಮಾಡುವುದು ಹೇಗೆ? ಛತ್ರಿ ಏನೂ ಆಗದಂತೆ ಮುಗಿಲು ನೋಡುತ್ತ ನಿಂತಿತ್ತು. ಅದಕ್ಕೆ ಯಾರೂ ಹೇಳಿರಲಿಲ್ಲವೋ ಏನೋ.

ಶಾಲೆ ಬಿಟ್ಟ ಮೇಲೆ ಮನೆಯ ಕಡೆ ನಿಧಾನವಾಗಿ ನಡೆದಳು. ಸುಳ್ಳು ಹೂಂ ಇನ್ನೂ ಹೊಟ್ಟೆಯೊಳಗೇ ಇತ್ತು. ಅದು ಸಮುದ್ರವಲ್ಲ ಎಂದು ದಾದಿಗೆ ಹೇಳಿಬಿಡಬೇಕು ಎಂದುಕೊಂಡು ಮನೆಯ ಮೂಲೆ ತಿರುಗುವಷ್ಟರಲ್ಲಿ ಕಟ್ಟೆಯ ಕಡೆಯಿಂದ ಮಾತು ಕೇಳಿಸಿತು. ನೆರೆಮನೆಯ ಸುಭದ್ರಾಬಾಯಿ ದಾದಿಯ ಜೊತೆ ಕೂತು ಬೇಳೆ ಹಸನು ಮಾಡುತ್ತಿದ್ದಳು. ಸಮುದ್ರ ಕಂಡೆಯಾ ಎಂದು ಅವಳು ಕೇಳಿರಬೇಕು.

"ಎಲ್ಲಿ ಸಮುದ್ರವ್ವ, ಟಿವಿ ಡಬ್ಬಿ ಬಂದ್ ಆಗಿತ್ತು," ಎನ್ನುತ್ತಿದ್ದಳು ದಾದಿ. "ನನ್ನ ಕಣ್ಣು ಅಷ್ಟೇನು ಹೋಗಿಲ್ಲ. ಆದ್ರ ಆ ಹುಡುಗಿ ಹೊರಗ ಒಳಗ ಓಡ್ಯಾಡಿ ಓಡ್ಯಾಡಿ ಬೆವತು ನೀರಾಗಿತ್ತು. ಏನೂ ಕಾಣಲಿಲ್ಲಂತ ಹ್ಯಾಂಗ ಅನ್ನಲಿ?"

ಮುಮತಾಜ ಗೋಡೆಗೆ ಆತುಕೊಂಡು ನಿಂತಳು. ಸುಭದ್ರಾಬಾಯಿ ತನ್ನ ಮೊರ ಎತ್ತಿಕೊಂಡು ಹೋಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಮೆಲ್ಲಗೆ ಬಂದು ದಾದಿಯ ಪಕ್ಕ ಕೂತಳು. ಕೇಳಿಸಿಕೊಂಡದ್ದನ್ನು ಹೇಳಲಿಲ್ಲ.

"ದಾದಿ, ಕಣ್ಣು ಮುಚ್ಚು."

"ಯಾಕ ಬೇಟಿ?"

"ಮುಚ್ಚು ಅಂದ್ರ ಮುಚ್ಚು."

ದಾದಿ ಬೇಳೆಯ ಮೊರ ಕೆಳಗಿಟ್ಟು ಕಣ್ಣು ಮುಚ್ಚಿದಳು. ಹೊತ್ತು ಪಡುವಣಕ್ಕೆ ಇಳಿದಿತ್ತು. ಮುಮತಾಜಳೂ ಕಣ್ಣು ಮುಚ್ಚಿಕೊಂಡಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಮಳೆಗಾಲಕ್ಕೆ ಮುಂಚೆ ಟಿವಿಯಲ್ಲಿ ಕಂಡ ಆ ಸಂಜೆಯ ನೀರು ಮೆಲ್ಲಗೆ ಬಂತು.

"ಭೀಮಾ ಹೊಳಿಗೆ ಈಚಿ ದಂಡಿ ಅದ, ಆಚಿ ದಂಡಿ ಅದ," ಅಂದಳು. "ಆಚಿ ದಂಡಿ ತಗದ್ರ ಸಮುದ್ರ. ನೀರು ಮುಂದ ಹೋಗಿ ಮುಗಿಲಿಗೆ ಹತ್ತತದ. ಅಲ್ಲಿಂದ ಎದ್ದು ಬರ್ತದ, ದಂಡಿಗೆ ಬಂದು ಬೀಳ್ತದ, ಹಾಲು ಉಕ್ಕಿದಂಗ ನೊರಿ. ಮತ್ತ ಹಿಂದ ಹೋಗ್ತದ. ಸುಮ್ಮನಽ ಇರಲ್ಲ ಅದು."

"ಹಡಗು?" ದಾದಿ ಕೇಳಿದಳು.

"ಹಡಗು ದೂರ ಹೊಂಟದ. ಹೊಗಿ ಬಿಟಗೋತ."

"ಮ್ಯಾಲ ಮಂದಿ ಅದಾರೇನು?"

"ಅದಾರ."

ದಾದಿ ಕಣ್ಣು ಮುಚ್ಚಿಕೊಂಡೇ ಮುಂದಕ್ಕೆ ಬಾಗಿದಳು. "ಯಾರಾದ್ರೂ ಬಿಳೇ ಟೊಪ್ಪಿಗಿ ಹಾಕ್ಕೊಂಡಾರೇನು ನೋಡು," ಅಂದಳು.

ಮುಮತಾಜ ಕಣ್ಣು ತೆರೆದಳು. ಟಿವಿಯಲ್ಲಿ ಆ ಹಡಗು ಹೆಬ್ಬೆರಳಿನಷ್ಟೇ ಇತ್ತು. ಅದರ ಮೇಲೆ ಮನುಷ್ಯರು ಕಂಡಿರಲೇ ಇಲ್ಲ. ಅವಳು ದಾದಿಯ ಮುಖ ನೋಡಿದಳು. ಮುಚ್ಚಿದ ರೆಪ್ಪೆಗಳು ಸಣ್ಣಗೆ ನಡುಗುತ್ತಿದ್ದವು.

"ಒಬ್ಬರು ಅದಾರ," ಅಂದಳು. "ನಮ್ಮ ಕಡಿಗೇ ನೋಡಕೋತ ನಿಂತಾರ."

ದಾದಿ ಕಣ್ಣು ತೆರೆಯಲಿಲ್ಲ. ಪಕ್ಕಕ್ಕೆ ಕೈ ಚಾಚಿ, ತಡವರಿಸಿ, ಮುಮತಾಜಳ ಕೈ ಹಿಡಿದುಕೊಂಡಳು. ಬೇಳೆಯ ಹುಡಿಯಿಂದ ಆ ಕೈ ಒರಟಾಗಿತ್ತು, ಬೆಚ್ಚಗಿತ್ತು.

"ಇನ್ನೊಮ್ಮೆ ಹೇಳು," ಅಂದಳು.

ಮುಮತಾಜ ಮತ್ತೆ ಕಣ್ಣು ಮುಚ್ಚಿಕೊಂಡು, ಭೀಮಾ ಹೊಳೆಯ ದಂಡೆಯಿಂದ ಶುರು ಮಾಡಿದಳು.