ಒಂದು ಗೊಂಬೆ, ಇಬ್ಬರು ಯಕ್ಷರು

ಬಾಗಿಲುಗಳಿಗೂ ಕಿವಿಯಿದ್ದ ಕಾಲದ ಮಾತು. ಅಲೆಗೇರಿ ಎಂಬ ರಾಜ್ಯದಲ್ಲಿ ಹೊರಡುವವರು "ಹೋಗಿ ಬರ್ತೀನಿ" ಎನ್ನಬೇಕಿತ್ತು. ಹಾಗೆಂದವರು ಮರಳಿ ಬಂದರೆ ಯಾವ ಬಾಗಿಲೂ, ಯಾವ ಕಾವಲೂ ತಡೆಯುತ್ತಿರಲಿಲ್ಲ. ಬರೀ "ಹೋಗ್ತೀನಿ" ಎಂದವರಿಗೆ ಬಾಗಿಲು ಮತ್ತೆ ತೆರೆಯುತ್ತಲೂ ಇರಲಿಲ್ಲ.

ಅಲ್ಲಿನ ಅರಮನೆಯಲ್ಲಿ ಆಳೆತ್ತರದ ಕಂಚಿನ ಗೊಂಬೆಯಿತ್ತು. ಅದರ ಹೊಟ್ಟೆಯೊಳಗೆ ಗುಂಡಯ್ಯನೆಂಬ ಮುದಿ ಯಕ್ಷನಿದ್ದ. ಅವನು ಎದ್ದರೆ ಗೊಂಬೆ ಏಳುತ್ತಿತ್ತು, ಕೆರೆಯ ತೂಬು ತೆಗೆಯುತ್ತಿತ್ತು, ಸಂಜೆ ರಾಜಕುಮಾರಿ ಬಾಚಲೆಗೆ ಜೋಗುಳ ಹಾಡುತ್ತಿತ್ತು. ಅದು ತೀರಿಹೋದ ರಾಣಿಯ ಜೋಗುಳ. ಅವಳದೇ ದನಿಯಲ್ಲಿ ಹಾಡಲು ಗುಂಡಯ್ಯನೊಬ್ಬನಿಗೇ ಬರುತ್ತಿತ್ತು.

ಹೀಗಿರಲು ಕಡಲಾಚೆಯ ಹಡಗುಗಳು ಬಂದವು. ಆ ಜನರ ಮಾತು ಗುಂಡಯ್ಯನಿಗೆ ತಲೆಬುಡ ತಿಳಿಯಲಿಲ್ಲ. ರಾಜನು ಮಂತ್ರವಾದಿ ಉದ್ದಂಡನನ್ನು ಕರೆಸಿದ. ಸಕಲ ಭಾಷೆ ಬಲ್ಲ ಚುರುಕಿ ಎಂಬ ಯಕ್ಷಿ ನನ್ನ ಬಳಿ ಇದ್ದಾಳೆ, ಮುದುಕನನ್ನು ಹೊರಹಾಕಿ ಅವಳನ್ನು ಕೂರಿಸೋಣ ಎಂದ ಉದ್ದಂಡ.

ಗುಂಡಯ್ಯ ಹೋದರೆ ಅಮ್ಮನ ಜೋಗುಳವೂ ಹೋದಂತೆ ಎಂದು ಬಾಚಲೆ ಬೆದರಿದಳು. ಆದರೂ ಕುತೂಹಲ ಬಿಡಬೇಕಲ್ಲ. "ಇಬ್ಬರೂ ಯಾಕಿರಬಾರದು?" ಎಂದಳು.

ಉದ್ದಂಡ ನಕ್ಕ. ಗೊಂಬೆಯ ತುಂಬಿದ ಹೊಟ್ಟೆಯಲ್ಲಿ ಜಾಗ ಮಾಡು, ಯಕ್ಷರು ದಾಟದ ಗೋಡೆ ಹಾಕು, ಇಂದು ಯಾರ ಸರದಿಯೆಂದು ಕೇಳುವ ಕಾವಲಿಡು, ಒಂದರಲ್ಲಿ ಸೋತರೂ ಮುದುಕ ಆಚೆಗೆ ಎಂದ. ರಾಜನೂ ಒಪ್ಪಿದ.

ಬಾಚಲೆ ಗೊಂಬೆಯ ಹೊಟ್ಟೆಯೊಳಗೆ ಇಣುಕಿದಳು. ಹಳೇ ಗೆಜ್ಜೆ, ಮುರಿದ ಬುಗುರಿ, ಅವಳದೇ ಹಾಲುಹಲ್ಲು, ಏನುಂಟು ಏನಿಲ್ಲ! ಒಂದನ್ನೂ ಎಸೆಯಲು ಗುಂಡಯ್ಯ ಒಪ್ಪಲಿಲ್ಲ. ಎಸೆಯುವುದು ಬೇಡ, ಒತ್ತಿಡೋಣ ಎಂದು ಅವಳು ಪುಸಲಾಯಿಸಿದಳು. ಎಲ್ಲವನ್ನೂ ಒಂದು ಬದಿಗೆ ಜೋಡಿಸಿದಾಗ ಅರ್ಧ ಹೊಟ್ಟೆ ಖಾಲಿಯಾಯಿತು.

ಗೋಡೆಯ ಕೆಲಸ ಅಷ್ಟು ಸುಲಭವಿರಲಿಲ್ಲ. ಇಟ್ಟಿಗೆಯ ಗೋಡೆಯನ್ನು ಗುಂಡಯ್ಯ ನಿದ್ದೆಗಣ್ಣಲ್ಲೇ ದಾಟಿದ. ಕಬ್ಬಿಣದ ಗೋಡೆಯ ಮೂಲಕ, ಪರೀಕ್ಷೆಗೆಂದು ಬಂದ ಚುರುಕಿ ನಗುತ್ತ ಹಾದುಹೋದಳು. ಬಾಚಲೆ ಯೋಚಿಸಿ ನಡುವೆ ರಂಗೋಲಿ ಎಳೆದಳು. ರಂಗೋಲಿ ತುಳಿಯಲು ಇಬ್ಬರಿಗೂ ಮನಸ್ಸು ಬರಲಿಲ್ಲ.

ಗೊಂಬೆಯ ಗಂಟಲಲ್ಲಿ ಒಂದು ಗಿಳಿಯನ್ನು ಕೂರಿಸಿದಳು. "ಯಾರು ಏಳಬೇಕು?" ಎಂದು ಅದು ಕೇಳಬೇಕು. ಒಂದು ಸೀಬೆಹಣ್ಣು ತಿಂದು ಮುಗಿಸುವಷ್ಟರಲ್ಲಿ ಉತ್ತರ ಬರದಿದ್ದರೆ ಗುಂಡಯ್ಯನನ್ನು ಎಬ್ಬಿಸಬೇಕು. ಅಂದು ಸಂಜೆ ಗುಂಡಯ್ಯ, "ಹೋಗಿ ಬರ್ತೀನಿ ಮಗಳೇ" ಎಂದು ಮಲಗಿದ.

ಆಮೇಲೆ ಬಂದು ತಮ್ಮದೇ ಕಾವಲಿಡುವುದು ಮಾಂತ್ರಿಕರ ಚಾಳಿ. ಚುರುಕಿಯನ್ನು ಒಳಗೆ ಕೂರಿಸುವಾಗ ಉದ್ದಂಡ ಗಿಳಿಯನ್ನು ಓಡಿಸಿ ತನ್ನ ಗೂಬೆಯನ್ನಿಟ್ಟ. ಗೂಬೆಗೆ ಗೊತ್ತಿದ್ದದ್ದು ಒಂದೇ ಹೆಸರು. ಬೆಳಗಾಯಿತು, ಚುರುಕಿ ಎದ್ದಳು. ಅವಳು ಮಲಗಿದರೂ ಮತ್ತೆ ಅವಳೇ ಎದ್ದಳು. ಕಾವಲು ಕೆಟ್ಟಿತು, ರಾಜಕುಮಾರಿ ಸೋತಳು, ಮುದುಕನ ಕತೆ ಮುಗಿಯಿತು ಎಂದ ಉದ್ದಂಡ.

ಬಾಚಲೆ ಗೊಂಬೆಯ ಬಳಿಗೆ ಓಡಿದಳು. ಹೊಟ್ಟೆಯೊಳಗೆ ಇಣುಕಿದರೆ ರಂಗೋಲಿ ಅಳಿಸಿಹೋಗಿರಲಿಲ್ಲ, ಆಚೆ ಬದಿಯಲ್ಲಿ ಗೆಜ್ಜೆ ಬುಗುರಿಗಳೂ ಇದ್ದವು. ಗುಂಡಯ್ಯ ಮಲಗುವಾಗ ಆಡಿದ ಮಾತು ನೆನಪಾಯಿತು.

"ಬರ್ತೀನಿ ಅಂದಿದ್ರಲ್ಲ ಅಜ್ಜಯ್ಯ, ಬನ್ನಿ" ಎಂದಳು.

ಆ ಮಾತಿನೆದುರು ಯಾವ ಕಾವಲು ನಿಂತೀತು? ಗೂಬೆ ಹಾರಿಹೋಯಿತು, ಗಿಳಿ ಬಂದು ಕೂತಿತು, ಗುಂಡಯ್ಯ ಆಕಳಿಸುತ್ತ ಎದ್ದ. ಉದ್ದಂಡನಿಗೆ ಮೈಯೆಲ್ಲ ಉರಿಯಿತು. "ಇಂಥ ಕಡೆ ನನಗೇನು ಕೆಲಸ? ಹೋಗ್ತೀನಿ" ಎಂದು ದಡದಡ ಹೊರಟ. ಬಾಗಿಲು ಕೇಳಿಸಿಕೊಂಡಿತು. ಅವನಿಗೆ ಅದು ಮತ್ತೆ ತೆರೆಯಲಿಲ್ಲ.

ಅಂದಿನಿಂದ ಹಗಲು ಚುರುಕಿ ಹಡಗಿನವರೊಡನೆ ಹರಟುತ್ತಿದ್ದಳು. ಸಂಜೆ ಅವಳು "ಬರ್ತೀನಿ" ಎಂದು ಮಲಗಿದರೆ ಗಿಳಿ ಕೇಳುತ್ತಿತ್ತು, ಬಾಚಲೆ ಗುಂಡಯ್ಯನ ಹೆಸರು ಹೇಳುತ್ತಿದ್ದಳು. ಅಲೆಗೇರಿಯವರೆಲ್ಲ ಸುಖವಾಗಿದ್ದರು. ಕಣ್ಣು ಮುಚ್ಚುವ ಮುನ್ನ ರಾಣಿಯೂ ಮಗಳಿಗೆ "ಹೋಗಿ ಬರ್ತೀನಿ" ಎಂದೇ ಹೇಳಿದ್ದಳು. ದಿನಾ ಸಂಜೆ ಜೋಗುಳವಾಗಿ ಬರುತ್ತಿದ್ದಳು.